ಇಳಿಯುವಾಗ ಮೂರನೇ ಕುಪ್ಪಳಿಕೆಗೆ ವಿಮಾನದ ಮುಂದಿನ ಚಕ್ರ ಮುರಿಯಿತು. ತಪ್ಪು ನನ್ನದೇ, ಆದರೆ ಅದು ಶುರುವಾಗಿದ್ದು ಎಲ್ಲಿ?

ಪುಟ್ಟರೆಕ್ಕೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದನ್ನು ಬರೆಯುವುದು, ಅಳಿಸುವುದು, ಇದೇ ಆಗಿದೆ. ಇವತ್ತು ಹಾಕಿಬಿಡುತ್ತೇನೆ.

ಮೊದಲೇ ಹೇಳುತ್ತೇನೆ, ಯಾರಿಗೂ ಏನೂ ಆಗಲಿಲ್ಲ. ವಿಮಾನದಲ್ಲಿ ಇದ್ದದ್ದು ನಾನು ಮತ್ತು ನನ್ನ ಅಕ್ಕನ ಮಗ. ಅವನಿಗೆ 14 ವರ್ಷ, ಮೊದಲ ಸಲ ಚಿಕ್ಕ ವಿಮಾನ ಹತ್ತಿದ್ದ. ನನಗೆ ಲೈಸೆನ್ಸ್ ಸಿಕ್ಕಿ ಒಂದೂವರೆ ವರ್ಷ, ಒಟ್ಟು 94 ಗಂಟೆ ಹಾರಿಸಿದ್ದೇನೆ. ವಿಮಾನ ಬಾಡಿಗೆಯದು, ಸೆಸ್ನಾ 172ಎಸ್.

ಹೊರಡುವಾಗ ಗಾಳಿ ಇರಲೇ ಇಲ್ಲ ಅನ್ನಬಹುದು. ನಲವತ್ತು ನಿಮಿಷ ಸುತ್ತಿ ವಾಪಸ್ ಬಂದಾಗ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಉಲ್ಟಾ ದಿಕ್ಕಿಗೆ ಸ್ವಲ್ಪ ಎದ್ದಿತ್ತು. ನೋಡಿದೆ. ನೋಡಲಿಲ್ಲ ಅಂತ ಸುಳ್ಳು ಹೇಳಲಾರೆ. "ಜಾಸ್ತಿ ಏನಿಲ್ಲ" ಅಂದುಕೊಂಡು, ಹೊರಟ ರನ್‌ವೇಯಲ್ಲೇ, ಅದೇ ದಿಕ್ಕಿಗೆ ಇಳಿಯಲು ಹೋದೆ. ಹಿಂದಿನಿಂದ ಗಾಳಿ ತಳ್ಳುತ್ತಿದ್ದರಿಂದ ಬೇಸ್ ತಿರುವು, ಅಂದರೆ ರನ್‌ವೇ ಕಡೆಗೆ ತಿರುಗುವ ಕೊನೆಯ ತಿರುವು, ಬೇಗ ಮುಗಿಯಿತು. ಫೈನಲ್‌ಗೆ (ರನ್‌ವೇಗೆ ನೇರವಾದ ಕೊನೆಯ ಹಾದಿಗೆ) ಬಂದಾಗ ಎತ್ತರ ಜಾಸ್ತಿ ಇತ್ತು. ಇಳಿಸಲು ಮೂತಿ ಬಗ್ಗಿಸಿದೆ. ವೇಗ ಏರಿತು. ರನ್‌ವೇ ಅಂಚು ದಾಟುವಾಗ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಇರಬೇಕಿತ್ತು, 76 ಇತ್ತು.

ಎಂಜಿನ್ ಶಕ್ತಿ ತಗ್ಗಿಸಲು ಥ್ರಾಟಲ್ ಪೂರ್ತಿ ಎಳೆದೆ, ಫ್ಲೇರ್ ಮಾಡಿದೆ, ಅಂದರೆ ಕೂರುವ ಮುಂಚೆ ಮೂತಿ ಮೆಲ್ಲಗೆ ಎತ್ತಿದೆ. ವಿಮಾನ ಕೂರಲೇ ಇಲ್ಲ. ತೇಲುತ್ತಲೇ ಹೋಯಿತು. ಅರ್ಧ ರನ್‌ವೇ ಕಳೆಯಿತು. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಕೂರಿಸಿಬಿಡೋಣ. ಯೋಕ್ (ಮೂತಿ ಏರಿಸಿ ಇಳಿಸುವ ಹಿಡಿ) ಮುಂದಕ್ಕೆ ಒತ್ತಿದೆ. ಮುಂದಿನ ಚಕ್ರ ಮೊದಲು ಬಡಿದು ವಿಮಾನ ಎಗರಿತು. ಮತ್ತೆ ಒತ್ತಿದೆ. ಈ ಸಲ ಇನ್ನೂ ಎತ್ತರಕ್ಕೆ ಎಗರಿತು. ಮೂರನೇ ಸಲ ಸ್ಟೀಲ್ ಬಿಂದಿಗೆ ಕಲ್ಲಿನ ಮೇಲೆ ಬಿದ್ದ ಹಾಗೆ ಸದ್ದು ಬಂತು. ಪ್ರೊಪೆಲ್ಲರ್ ನಿಂತಿತು. ವಿಮಾನ ಮೂತಿ ಊರಿಕೊಂಡು ಸ್ವಲ್ಪ ದೂರ ಜಾರಿ ನಿಂತಿತು.

ಆಮೇಲಿನ ನಿಶ್ಶಬ್ದ ಇವತ್ತಿಗೂ ಕಿವಿಯಲ್ಲಿದೆ. ಜೈರೋ ಉಪಕರಣಗಳು ಮಾತ್ರ ಸಣ್ಣಗೆ ಗುಂಯ್ ಅನ್ನುತ್ತಿದ್ದವು. ನನ್ನ ಪೆನ್ಸಿಲ್ ಡ್ಯಾಶ್ ಮೇಲೆ ಉರುಳಿ ಗಾಜಿಗೆ ತಾಗಿ ನಿಂತಿತ್ತು. ಮಿಕ್ಸ್ಚರ್, ಇಂಧನ, ಮ್ಯಾಗ್ನೆಟೊ, ಮಾಸ್ಟರ್, ಎಲ್ಲ ಆಫ್ ಮಾಡಿದೆ. "ಮಾಮ, ಇಳಿಬಹುದಾ?" ಅಂತ ಹುಡುಗ ಕೇಳಿದ. ಅವನ ದನಿ ನನ್ನದಕ್ಕಿಂತ ಗಟ್ಟಿಯಾಗಿತ್ತು.

ತನಿಖೆಯವರು ಮೊದಲ ವರದಿಯಲ್ಲಿ ಬರೆದಿದ್ದು ಇಷ್ಟು: ಪೈಲಟ್ ತಪ್ಪು, ವೇಗ ಹೆಚ್ಚು, ಕುಪ್ಪಳಿಸಿದ ಮೇಲೆ ತಪ್ಪು ಕ್ರಮ, ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡಲಿಲ್ಲ. ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ. ಬೋಧಕರ ಜೊತೆ ಮಾಡಿಯೂ ತೋರಿಸಿದ್ದೆ. ಗೊತ್ತಿದ್ದೂ ಕೈ ಯಾಕೆ ಮಾಡಲಿಲ್ಲ? ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಅನುಭವ ಇರುವವರು ದಯವಿಟ್ಟು ಬಿಚ್ಚಿ ಹೇಳಿ. ಬೈದರೂ ಬೇಜಾರಿಲ್ಲ.

ಗಾಳಿಕೋಳಿ

ಇಬ್ಬರೂ ಕ್ಷೇಮ ಅಂತ ಓದಿ ಸಮಾಧಾನ ಆಯಿತು. ಇನ್ನು ನೇರವಾಗಿ ಹೇಳುತ್ತೇನೆ. ಮನಸ್ಸಿನ ವಿಚಾರ ಆಮೇಲೆ, ಮೊದಲು ಲೆಕ್ಕ ನೋಡಿ.

ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 65ರ ಬದಲು 76 ಅಂದರೆ 11 ನಾಟ್ ತಾನೇ ಅನ್ನಿಸುತ್ತದೆ. ಆದರೆ ಶಕ್ತಿ ಸುಮಾರು 37% ಜಾಸ್ತಿ. ಹಿಂದಿನ ಗಾಳಿ 5 ನಾಟ್ ಇತ್ತು ಅಂದುಕೊಂಡರೆ ನೆಲದ ಲೆಕ್ಕದಲ್ಲಿ ನಿಮ್ಮ ವೇಗ 81. ಗಾಳಿ ಇಲ್ಲದೆ 65ರಲ್ಲಿ ಇಳಿಯುವುದಕ್ಕೆ ಹೋಲಿಸಿದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಶಕ್ತಿಯನ್ನು ಕರಗಿಸಬೇಕು. ಅದು ಎಲ್ಲಿಗೆ ಹೋಗಬೇಕು? ನೀವು ತೇಲಿದ್ದು ಅದಕ್ಕೇ.

ನೆಲದ ಹತ್ತಿರ ಬಂದಾಗ ಇನ್ನೊಂದು ಕಷ್ಟ ಇದೆ. ರೆಕ್ಕೆಯ ತುದಿಯಿಂದ ತುದಿಗೆ ಇರುವ ಉದ್ದಕ್ಕಿಂತ ಕೆಳಗೆ, 172ಕ್ಕೆ ಅಂದರೆ ಸುಮಾರು 11 ಮೀಟರ್ ಒಳಗೆ ಬಂದರೆ, ರೆಕ್ಕೆ ತುದಿಯ ಸುಳಿಗಳನ್ನು ನೆಲ ತಡೆಯುತ್ತದೆ. ವಿಮಾನವನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆ ಕಡಿಮೆಯಾಗುತ್ತದೆ. ವೇಗ ಕಳೆದುಕೊಳ್ಳಬೇಕಾದ ಜಾಗದಲ್ಲೇ ವೇಗ ಸುಲಭಕ್ಕೆ ಇಳಿಯುವುದಿಲ್ಲ.

172ಎಸ್ ಕೈಪಿಡಿಯಲ್ಲೇ ಇದೆ: ಹಿಂದಿನ ಗಾಳಿ 10 ನಾಟ್‌ವರೆಗೆ, ಪ್ರತಿ 2 ನಾಟ್‌ಗೆ ಇಳಿಯುವ ದೂರಕ್ಕೆ 10% ಸೇರಿಸಿ. ಎದುರು ಗಾಳಿಗೆ ಅದೇ 10% ಕಳೆಯಲು 9 ನಾಟ್ ಬೇಕು. ಈ ವ್ಯತ್ಯಾಸ ಗಮನಿಸಿ. ಎದುರು ಗಾಳಿ ಕೊಡುವುದು ಸ್ವಲ್ಪ, ಹಿಂದಿನ ಗಾಳಿ ಕಿತ್ತುಕೊಳ್ಳುವುದು ಬಹಳ. ಗಾಳಿಚೀಲ ನೋಡಿ "ಜಾಸ್ತಿ ಏನಿಲ್ಲ" ಅಂದಿರಲ್ಲ, ನನ್ನ ಪ್ರಕಾರ ಶುರುವಾಗಿದ್ದು ಅಲ್ಲೇ.

ಹಳೇ ಬೋಧಕ

ಗಾಳಿಕೋಳಿ ಹೇಳಿದ ಲೆಕ್ಕ ಸರಿ. ಆದರೆ 76ರಲ್ಲಿ ಬಂದವರೆಲ್ಲ ಚಕ್ರ ಮುರಿದುಕೊಳ್ಳುವುದಿಲ್ಲ. ಸುಮ್ನೆ ಹಿಡಿದುಕೊಂಡಿದ್ದರೆ ಇನ್ನಷ್ಟು ದೂರ ತೇಲಿ ಕೂರುತ್ತಿತ್ತು, ಇಲ್ಲವೇ ರನ್‌ವೇ ಸಾಲದೆ ಮೇಲೇರಬೇಕಾಗುತ್ತಿತ್ತು. ಮುರಿದಿದ್ದು ಒತ್ತಿದ್ದರಿಂದ.

ಕಲಿಯುವವರಿಗೂ ಉಪಯೋಗ ಆಗಲಿ ಅಂತ ಇದನ್ನು ಬಿಡಿಸಿ ಹೇಳುತ್ತೇನೆ. ಹಾರುವಷ್ಟು ವೇಗ ಇನ್ನೂ ಇರುವಾಗ ಯೋಕ್ ಒತ್ತಿದರೆ ಮೂರು ಚಕ್ರದಲ್ಲಿ ಮುಂದಿನದು ಮೊದಲು ನೆಲ ಮುಟ್ಟುತ್ತದೆ. ಅದು ತೂಕದ ಕೇಂದ್ರಕ್ಕಿಂತ ಮುಂದಿದೆ. ಬಡಿದ ಕೂಡಲೇ ಮೂತಿ ಮೇಲೆದ್ದು ರೆಕ್ಕೆಯ ಕೋನ ಜಾಸ್ತಿಯಾಗುತ್ತದೆ, ವಿಮಾನ ಮತ್ತೆ ಹಾರುತ್ತದೆ. ನೀವು ಗಾಬರಿಯಲ್ಲಿ ಮತ್ತೆ ಒತ್ತುತ್ತೀರಿ. ನಿಮ್ಮ ಕೈ ಯಾವಾಗಲೂ ವಿಮಾನಕ್ಕಿಂತ ಅರ್ಧ ಕ್ಷಣ ಹಿಂದೆ ಇರುತ್ತದೆ. ಹಾಗಾಗಿ ಒಂದೊಂದು ಕುಪ್ಪಳಿಕೆಯೂ ಹಿಂದಿನದಕ್ಕಿಂತ ದೊಡ್ಡದು. ನಮ್ಮಲ್ಲಿ ಇದಕ್ಕೆ ಪೊರ್ಪಾಯ್ಸಿಂಗ್ ಅನ್ನುತ್ತೇವೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮುಂದಿನ ಚಕ್ರ ಹೋಗುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ.

ಸಣ್ಣ ಕುಪ್ಪಳಿಕೆ ಆದರೆ ಮೂತಿಯನ್ನು ಇಳಿಯುವ ಭಂಗಿಯಲ್ಲೇ ಹಿಡಿದು, ಬೇಕಾದರೆ ಸ್ವಲ್ಪ ಪವರ್ ಕೊಟ್ಟು, ತಾನಾಗಿ ಕೂರಲು ಬಿಡಿ. ದೊಡ್ಡದಾದರೆ, ಅಥವಾ ಎರಡನೆಯದು ಬಂದರೆ, ಚರ್ಚೆಯೇ ಬೇಡ. ಪೂರ್ತಿ ಪವರ್, ಮೇಲಕ್ಕೆ.

ಪುಟ್ಟರೆಕ್ಕೆ, ನಿಮಗೊಂದು ಪ್ರಶ್ನೆ. ಮೊದಲ ಸಲ ಬಡಿದಾಗ ನಿಮ್ಮ ಬಲಗೈ ಎಲ್ಲಿತ್ತು?

ಪುಟ್ಟರೆಕ್ಕೆ

ಸರ್, ಥ್ರಾಟಲ್ ಮೇಲೆ. ಹೇಳಿಕೆಯಲ್ಲೂ ಹಾಗೇ ಬರೆದುಕೊಟ್ಟಿದ್ದೇನೆ.

ಸ್ಪ್ಯಾನರ್

ನಾನು ಪೈಲಟ್ ಅಲ್ಲ, ವಿಮಾನ ದುರಸ್ತಿ ಎಂಜಿನಿಯರ್. ನಿಮ್ಮಂಥ ವಿಮಾನಗಳು ಕೊನೆಗೆ ನನ್ನ ಮುಂದೆ ಬರುತ್ತವೆ.

172ರ ಮುಂದಿನ ಚಕ್ರದ ಕಾಲು ಫೈರ್‌ವಾಲ್‌ಗೆ ಕಟ್ಟಿರುತ್ತದೆ. ಎಂಜಿನ್‌ಗೂ ನಿಮ್ಮ ಕಾಲಿಗೂ ನಡುವೆ ಇರುವ ತೆಳ್ಳನೆ ತಗಡಿನ ಗೋಡೆ ಅದು. ಮೂತಿ ಮೇಲೆ ಇಳಿದ ವಿಮಾನದಲ್ಲಿ ಆ ಗೋಡೆ ಇಸ್ತ್ರಿ ಇಲ್ಲದ ಬಟ್ಟೆಯ ಹಾಗೆ ಸುಕ್ಕಾಗಿರುತ್ತದೆ. ಹೊರಗಿನಿಂದ ನೋಡಿದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ಕವಚ ಬಿಚ್ಚಿ ಟಾರ್ಚ್ ಅಡ್ಡ ಹಿಡಿದರೆ ನೆರಳಿನಲ್ಲಿ ಸುಕ್ಕು ಕಾಣುತ್ತದೆ. ರಿವೆಟ್ ಸಡಿಲ ಆಗಿದ್ದರೆ ಅದರ ಸುತ್ತ ಕಾಡಿಗೆ ಒರೆಸಿದ ಹಾಗೆ ಕಪ್ಪು ಗೆರೆ ಇರುತ್ತದೆ.

ನಾನು ಬರೆಯಲು ಬಂದಿದ್ದು ಇದಕ್ಕೆ: ಕುಪ್ಪಳಿಸಿಯೂ ಚಕ್ರ ಮುರಿಯದೆ ಇಳಿದವರ ವಿಷಯ. ವಿಮಾನ ತಂದು ನಿಲ್ಲಿಸಿ, ಬೀಗದ ಕೈ ಕೊಟ್ಟು, ಸುಮ್ನೆ ಮನೆಗೆ ಹೋಗುತ್ತಾರೆ. ಮುಂದಿನವರು ಅದೇ ಸುಕ್ಕಾದ ಗೋಡೆ ಹೊತ್ತು ಹಾರುತ್ತಾರೆ. ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ಅವರ ಮೇಲೆ. ಗಟ್ಟಿಯಾಗಿ ಕೂತಿತು ಅಂತ ಒಂದು ಮಾತು ಹೇಳಿದರೆ ಸಾಕು, ನಾವು ಬಿಚ್ಚಿ ನೋಡುತ್ತೇವೆ.

ಪ್ರೊಪೆಲ್ಲರ್ ವಿಷಯವೂ ಅಷ್ಟೇ. ನೆಲಕ್ಕೆ ತಾಗಿದ ಮೇಲೂ ಎಂಜಿನ್ ಚೆನ್ನಾಗಿ ಓಡುತ್ತಿದೆ ಅನ್ನಿಸಬಹುದು. ಪ್ರೊಪೆಲ್ಲರ್‌ಗೆ ಬಿದ್ದ ಏಟು ನೇರ ಕ್ರ್ಯಾಂಕ್‌ಶಾಫ್ಟ್‌ಗೆ (ಅದನ್ನು ತಿರುಗಿಸುವ ಎಂಜಿನ್ ಒಳಗಿನ ದಂಡಕ್ಕೆ) ಹೋಗಿರುತ್ತದೆ. ಅದರ ಹಿಂಬದಿ ಗೇರ್ ಮತ್ತು ಪಿನ್ ಒಳಗೇ ಪೆಟ್ಟು ತಿಂದಿರಬಹುದು. ಎತ್ತರದ ಹುಲ್ಲಿಗೋ ನೀರಿಗೋ ತಾಗಿ ಎಂಜಿನ್ ಸುತ್ತುವ ವೇಗ ಥಟ್ಟನೆ ಇಳಿದರೂ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿ ಅದನ್ನು ಪ್ರೊಪೆಲ್ಲರ್ ಏಟು ಅಂತಲೇ ಲೆಕ್ಕ ಹಾಕುತ್ತದೆ.

ಕಲಿಯೋಳು

ನಾನಿನ್ನೂ ವಿದ್ಯಾರ್ಥಿನಿ, 31 ಗಂಟೆ ಆಗಿದೆ. ಇದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಹೋದ ವಾರ ನಾನೂ ಹೀಗೇ ತೇಲಿದೆ. ಗೋ-ಅರೌಂಡ್ ಮಾಡಿದೆ, ಸರಿಯಾಗೇ ಆಯಿತು. ಆದರೆ ಕೆಳಗೆ ಬಂದಾಗ ಫೇಲ್ ಆದ ಹಾಗೆ ಅನ್ನಿಸಿತು. ಬೆಂಚಿನ ಮೇಲೆ ಕೂತಿದ್ದ ಉಳಿದ ವಿದ್ಯಾರ್ಥಿಗಳು ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಆದರೂ ಮುಖ ಬಿಸಿಯಾಯಿತು. ಎಲ್ಲರಿಗೂ ಹೀಗೆ ಆಗುತ್ತದಾ?

ಬಲಗಡೆ ಸೀಟು

ತಂಗೀ, ಎಲ್ಲರಿಗೂ ಆಗುತ್ತದೆ. ನಾನು ಪ್ರಯಾಣಿಕರ ಜೆಟ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್. ನಮ್ಮಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. ಮೋಡದಲ್ಲಿ ಬರುತ್ತಿದ್ದರೆ ನೆಲದಿಂದ 1,000 ಅಡಿ, ಹೊರಗೆ ಕಾಣುತ್ತಿದ್ದರೆ 500 ಅಡಿ. ಅಷ್ಟರೊಳಗೆ ವೇಗ, ಇಳಿಯುವ ದರ, ಚಕ್ರ, ಫ್ಲ್ಯಾಪ್ (ರೆಕ್ಕೆಯ ಹಿಂದೆ ಇಳಿಬಿಡುವ ಪಟ್ಟಿ) ಎಲ್ಲ ಕೂಡಿಬಂದಿರಬೇಕು. ಇಲ್ಲದಿದ್ದರೆ ಮೇಲೇರಬೇಕು. ಆಮೇಲೆ ಯಾರೂ ಯಾಕೆ ಅಂತ ಕೇಳುವಂತಿಲ್ಲ.

ಇಷ್ಟು ಸ್ಪಷ್ಟ ನಿಯಮ ಇದ್ದೂ ಏನಾಗುತ್ತದೆ ಗೊತ್ತಾ? ಫ್ಲೈಟ್ ಸೇಫ್ಟಿ ಫೌಂಡೇಶನ್ ಲೆಕ್ಕ ಹಾಕಿದೆ: ಹೀಗೆ ಕೂಡಿಬರದ ಇಳಿಯುವಿಕೆಗಳಲ್ಲಿ ಗೋ-ಅರೌಂಡ್ ಆಗುವುದು ನೂರಕ್ಕೆ ಬರೀ ಮೂರರಷ್ಟು. ಸಂಬಳ ತೆಗೆದುಕೊಂಡು ಹಾರಿಸುವವರ ಕಥೆ ಇದು. ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಕೂತಿದ್ದರೂ ಹೀಗೆ.

2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ 214 ಬಿದ್ದದ್ದು ನೆನಪಿರಬಹುದು. ಬೋಯಿಂಗ್ 777, ಒಳಗೆ 307 ಜನ. ಹಗಲು, ಎದುರಿಗೆ ರನ್‌ವೇ ಕಾಣುತ್ತಿತ್ತು. 137 ನಾಟ್ ಇರಬೇಕಾದ ವೇಗ ಕೊನೆಗೆ 103ರ ಹತ್ತಿರ ಇಳಿದಿತ್ತು. ಕಾಕ್‌ಪಿಟ್‌ನಲ್ಲಿ ಮೂರು ಜನ ಪೈಲಟ್‌ಗಳಿದ್ದರು. ಗೋ-ಅರೌಂಡ್ ಅನ್ನುವ ಮಾತು ಬಂದಾಗ ಸಮಯ ಉಳಿದಿರಲಿಲ್ಲ. ಮೂವರು ಪ್ರಾಣ ಕಳೆದುಕೊಂಡರು. ತನಿಖೆ ಪೈಲಟ್‌ಗಳ ತಪ್ಪನ್ನು ಮುಚ್ಚಿಡಲಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಲೂ ಇಲ್ಲ. ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಎಷ್ಟು ಜಟಿಲ, ಅದನ್ನು ಕೈಪಿಡಿಯಲ್ಲಿ ಹೇಗೆ ವಿವರಿಸಿದ್ದಾರೆ, ತರಬೇತಿ ಹೇಗಿತ್ತು, ಅಲ್ಲಿವರೆಗೂ ಹೋಯಿತು.

ಪುಟ್ಟರೆಕ್ಕೆ, ನಿಮ್ಮ ಪ್ರಶ್ನೆ ನೆಪ ಅಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧವೇ ಹೇಳುತ್ತದೆ, ತನಿಖೆ ಇರುವುದು ಮುಂದಿನ ಅಪಘಾತ ತಪ್ಪಿಸುವುದಕ್ಕೆ, ಯಾರ ತಲೆಗೋ ತಪ್ಪು ಕಟ್ಟುವುದಕ್ಕಲ್ಲ ಅಂತ. ಗೊತ್ತಿದ್ದೂ ಕೈ ಯಾಕೆ ಮಾಡಲಿಲ್ಲ ಅಂತ ಕೇಳದೆ ಹೋದರೆ ಮುಂದಿನದು ತಪ್ಪುವುದು ಹೇಗೆ?

ಗಾಳಿಕೋಳಿ

ಒಪ್ಪಿದೆ. ಆದರೆ ಒಂದು ಎಚ್ಚರಿಕೆ. ಗೋ-ಅರೌಂಡ್ ಅಂದರೆ ಪೂರ್ತಿ ಸುರಕ್ಷಿತ ಅಂತ ಹೊಸಬರು ತಿಳಿಯಬಾರದು. ಇಳಿಯಲು ಟ್ರಿಮ್ ಮಾಡಿಟ್ಟ (ಯೋಕ್ ಒತ್ತದೆಯೂ ಅದೇ ಭಂಗಿಯಲ್ಲಿ ನಿಲ್ಲುವಂತೆ ಹೊಂದಿಸಿಟ್ಟ) ವಿಮಾನಕ್ಕೆ ಒಮ್ಮೆಲೇ ಪೂರ್ತಿ ಪವರ್ ಕೊಟ್ಟರೆ ಮೂತಿ ತಾನಾಗಿ ಮೇಲೇಳುತ್ತದೆ, ಎಡಕ್ಕೂ ಎಳೆಯುತ್ತದೆ. ಅಲ್ಲಿ ಯೋಕ್ ಮುಂದಕ್ಕೆ ಬಲವಾಗಿ ಹಿಡಿಯಬೇಕು, ಬಲಗಾಲು ಒತ್ತಬೇಕು. ಫ್ಲ್ಯಾಪ್ ಒಂದೇ ಸಲ ಪೂರ್ತಿ ಎತ್ತಿದರೆ ವಿಮಾನ ಕುಸಿಯುತ್ತದೆ. 172ಎಸ್‌ಗೆ ಮೊದಲು 20 ಡಿಗ್ರಿಗೆ, ವೇಗ 60, ಆಮೇಲೆ ಮೆಲ್ಲಗೆ ಉಳಿದದ್ದು. ಅಭ್ಯಾಸ ಇಲ್ಲದವರು ನೆಲದ ಹತ್ತಿರ ಇದನ್ನು ಗಾಬರಿಯಲ್ಲಿ ಮಾಡಿ ಸ್ಟಾಲ್ ಆಗಿ (ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಂಡು) ಸತ್ತಿದ್ದಾರೆ. ಇಳಿಯುವಾಗ ಆಗುವ ಅಪಘಾತಗಳು ಸಂಖ್ಯೆಯಲ್ಲಿ ಬಹಳ, ಸಾವು ಕಡಿಮೆ. ಸ್ಟಾಲ್ ಆದರೆ ಹಾಗಲ್ಲ.

ಹಳೇ ಬೋಧಕ

ಅದಕ್ಕೇ ಅಭ್ಯಾಸ ಮಾಡಿ ಅನ್ನುವುದು. ಲೈಸೆನ್ಸ್ ಬಂದ ಮೇಲೆ ಎಷ್ಟು ಜನ ಗೋ-ಅರೌಂಡ್ ಅಭ್ಯಾಸ ಮಾಡುತ್ತಾರೆ? ಇಳಿಯುವುದನ್ನು ನೂರು ಸಲ ಮಾಡಿರುತ್ತಾರೆ, ಮೇಲೇರುವುದನ್ನು ಎರಡು ಸಲ. ಗಾಬರಿಯಲ್ಲಿ ಕೈ ಯಾವುದನ್ನು ಮಾಡುತ್ತದೆ? ನೂರು ಸಲ ಮಾಡಿದ್ದನ್ನೇ.

ಕಲಿಯೋಳು, ನಿನ್ನ ಮುಖ ಬಿಸಿಯಾದದ್ದು ನಿನ್ನ ತಪ್ಪಲ್ಲಮ್ಮ. ಅದು ನಮ್ಮ ಬೋಧಕರ ತಪ್ಪು. ಚೆನ್ನಾಗಿ ಇಳಿದವರಿಗೆ "ಭೇಷ್" ಅಂತೀವಿ, ಮೇಲೇರಿದವರಿಗೆ ಏನೂ ಹೇಳುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಈಗ ಅದನ್ನು ನೆನೆದರೆ ಬೇಸರವಾಗುತ್ತದೆ.

ಪುಟ್ಟರೆಕ್ಕೆ

ಎರಡು ದಿನ ಬರೆಯಲಿಲ್ಲ, ಕ್ಷಮಿಸಿ. ಒಂದು ಮುಖ್ಯ ವಿಷಯ ಗೊತ್ತಾಯಿತು.

ಹುಡುಗ ಇಳಿಯುವುದನ್ನು ಫೋನ್‌ನಲ್ಲಿ ವಿಡಿಯೊ ಮಾಡಿದ್ದ. ನನಗೆ ಬೇಜಾರಾಗುತ್ತದೆ ಅಂತ ಇಷ್ಟು ದಿನ ಹೇಳಿರಲಿಲ್ಲ. ಮೊನ್ನೆ ತೋರಿಸಿದ. ಒಂದು ನಿಮಿಷ ಹತ್ತು ಸೆಕೆಂಡ್. ಸುಮಾರು ಇಪ್ಪತ್ತು ಸಲ ನೋಡಿದ್ದೇನೆ.

ಹಳೇ ಬೋಧಕ ಸರ್, ನನ್ನ ಬಲಗೈ ಥ್ರಾಟಲ್ ಮೇಲೆ ಇರಲಿಲ್ಲ. ಥ್ರಾಟಲ್ ಎಳೆದ ಮೇಲೆ ತೇಲುವಾಗ ಆ ಕೈ ಯೋಕ್‌ಗೆ ಬರುತ್ತದೆ. ಮೊದಲ ಏಟಿನಿಂದ ಕೊನೆವರೆಗೂ ಎರಡೂ ಕೈ ಯೋಕ್ ಮೇಲೆ, ಗೆಣ್ಣು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಥ್ರಾಟಲ್ ಮೇಲೆ ಕೈ ಇತ್ತು ಅಂತ ನಾನು ಆಣೆ ಮಾಡಿ ಹೇಳುತ್ತಿದ್ದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ನನ್ನ ನೆನಪೇ ಹಾಗೆ ಇತ್ತು. ವಿಡಿಯೊ ನೋಡುವಾಗಲೂ "ಈಗ ಹೋಗುತ್ತದೆ, ಈಗ ಹೋಗುತ್ತದೆ" ಅಂತ ಆ ಕೈಯನ್ನೇ ಕಾಯುತ್ತಿದ್ದೆ.

ಇನ್ನೊಂದು ಇದೆ, ಬರೆಯಲು ಕಷ್ಟವಾಗುತ್ತಿದೆ. ವಿಡಿಯೊದ ಮೊದಲಲ್ಲಿ ಫೈನಲ್‌ಗೆ ತಿರುಗುವಾಗ ನನ್ನ ದನಿ ಕೇಳುತ್ತದೆ: "ನೋಡ್ತಿರು, ಚಕ್ರ ನೆಲ ಮುಟ್ಟಿದ್ದೇ ನಿನಗೆ ಗೊತ್ತಾಗಲ್ಲ." ಈ ಮಾತು ಆಡಿದ್ದು ನನಗೆ ನೆನಪೇ ಇರಲಿಲ್ಲ. ಅದೇ ಹೊತ್ತಿಗೆ ಗಾಜಿನ ಮೂಲೆಯಲ್ಲಿ ಗಾಳಿಚೀಲ ಕಾಣುತ್ತದೆ. ನಾನು "ಸ್ವಲ್ಪ" ಅಂದುಕೊಂಡ ಚೀಲ ಅರ್ಧಕ್ಕಿಂತ ಜಾಸ್ತಿ ತುಂಬಿದೆ.

ಹಾಗಾಗಿ ಗಾಳಿಕೋಳಿಯವರೇ, ನಿಮ್ಮ ಲೆಕ್ಕ ಸರಿ, ಶುರುವಾಗಿದ್ದು ಗಾಳಿಚೀಲದಲ್ಲೇ ಇರಬಹುದು. ಆದರೆ ಅಲ್ಲಿಂದ ವಾಪಸ್ ಬರುವ ದಾರಿಯನ್ನು ನಾನೇ ಆ ಮಾತಿನಿಂದ ಮುಚ್ಚಿಕೊಂಡೆ. ಹುಡುಗನಿಗೆ ಮಾತು ಕೊಟ್ಟಾಗಿತ್ತು. ಮೇಲೇರಿದರೆ ಮಾತು ತಪ್ಪಿದ ಹಾಗೆ. ಇಳಿಯುವುದೊಂದೇ ಕಣ್ಣಿಗೆ ಕಾಣುತ್ತಿತ್ತು. ಕೈಯೂ ಅದರ ಹಿಂದೆಯೇ ಹೋಯಿತು.

ತನಿಖೆಯವರಿಗೆ ವಿಡಿಯೊ ಕಳಿಸಿದೆ. ಥ್ರಾಟಲ್ ಬಗ್ಗೆ ನಾನು ಕೊಟ್ಟ ಹೇಳಿಕೆ ತಪ್ಪು ಅಂತ ಬರೆದುಕೊಟ್ಟೆ.

ಸ್ಪ್ಯಾನರ್

ಬರೆದುಕೊಟ್ಟಿರಲ್ಲ, ಅದು ದೊಡ್ಡ ಕೆಲಸ. ಥ್ಯಾಂಕ್ಸ್.

ಬಲಗಡೆ ಸೀಟು

ಎರಡು ಕೈ ಯೋಕ್ ಮೇಲೆ ಬರುವುದನ್ನು ನಾನು ಸಿಮ್ಯುಲೇಟರ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹೆದರಿದಾಗ ಮನುಷ್ಯ ಎದುರಿಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಪ್ರಯಾಣಿಕರಿಗೆ ನಾನು ಹತ್ತಿಸುವ ಮೊದಲೇ ಹೇಳುವ ಒಂದು ಮಾತು ನಿಮಗೂ ಹೇಳುತ್ತೇನೆ. ರಜೆಯಲ್ಲಿ ಚಿಕ್ಕ ವಿಮಾನ ಹಾರಿಸುವಾಗ, ಪಕ್ಕದಲ್ಲಿ ಯಾರೇ ಕೂತಿರಲಿ, "ಇಳಿಯುವ ಮೊದಲು ಒಂದೆರಡು ಸಲ ಮತ್ತೆ ಮೇಲೇರಬಹುದು, ಅದು ಮಾಮೂಲಿ" ಅನ್ನುತ್ತೇನೆ. ಅವರ ಗಾಬರಿ ಕಡಿಮೆಯಾಗುತ್ತದೆ. ನನಗೂ ದಾರಿ ತೆರೆದಿರುತ್ತದೆ.

ಕಲಿಯೋಳು

ಇದನ್ನು ನಾಳೆಯಿಂದಲೇ ಹೇಳುತ್ತೇನೆ, ಬೋಧಕರು ಪಕ್ಕದಲ್ಲಿದ್ದರೂ. ಪುಟ್ಟರೆಕ್ಕೆ ಅಣ್ಣಾ, ವಿಡಿಯೊ ವಿಷಯ ಮುಚ್ಚಿಡದೆ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಕೈ ಎಲ್ಲಿರುತ್ತದೆ ಅಂತ ನನಗೂ ಗೊತ್ತಿಲ್ಲ. ನಾಳೆ ಕ್ಯಾಮೆರಾ ಕಟ್ಟಿಕೊಂಡು ಹೋಗುತ್ತೇನೆ.

ಹಳೇ ಬೋಧಕ

ಪುಟ್ಟರೆಕ್ಕೆ, ಮತ್ತೆ ಹಾರುವ ಮನಸ್ಸಾದಾಗ ನಿಮ್ಮ ಬೋಧಕರಿಗೆ ಒಂದು ವಿಷಯ ಹೇಳಿ. ಇಳಿಸುವುದನ್ನು ಕಲಿಸಿ ಅನ್ನಬೇಡಿ, ಅದು ನಿಮಗೆ ಬರುತ್ತದೆ. ಹತ್ತು ಅಡಿಯಲ್ಲಿ, ಫ್ಲೇರ್ ಮಧ್ಯೆ, ಚಕ್ರ ಮುಟ್ಟಿದ ಮೇಲೆ, ಎಲ್ಲೆಂದರಲ್ಲಿ ಹೇಳದೆ ಕೇಳದೆ ಗೋ-ಅರೌಂಡ್ ಕೊಡಿ ಅನ್ನಿ.

ಪುಟ್ಟರೆಕ್ಕೆ

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ನಿನ್ನೆ ಹೋಗಿದ್ದೆ.

ಎಂಜಿನ್ ಶುರು ಮಾಡುವಾಗ ಅಂಗೈ ಒದ್ದೆಯಾಗಿತ್ತು. ಹನ್ನೊಂದು ಸುತ್ತು ಹಾಕಿದೆವು. ಅದರಲ್ಲಿ ನಾಲ್ಕು ಸಲ ಮಾತ್ರ ಇಳಿದೆವು. ಉಳಿದ ಏಳರಲ್ಲಿ ಬೋಧಕರು ಒಮ್ಮೆ "ರನ್‌ವೇಗೆ ನಾಯಿ ಬಂತು" ಅಂದರು, ಒಮ್ಮೆ ಫ್ಲೇರ್ ಮಧ್ಯೆ "ಮೇಲೆ" ಅಂದರು, ಒಮ್ಮೆ ಚಕ್ರ ಮುಟ್ಟಿದ ಮೇಲೆ ಭುಜ ತಟ್ಟಿದರು. ಮೊದಲ ಎರಡು ಸಲ ಬಲಗೈ ತಡವರಿಸಿತು. ಮೂರನೆಯದಕ್ಕೆ ಥ್ರಾಟಲ್ ಮೇಲೇ ಇತ್ತು.

ಒಂಬತ್ತನೇ ಸುತ್ತಿನಲ್ಲಿ ಅಂಚಿನ ಹತ್ತಿರ ವೇಗ 72 ಇತ್ತು. ಅವರು ಏನಾದರೂ ಹೇಳುವ ಮೊದಲೇ ನಾನೇ "ಗೋ-ಅರೌಂಡ್" ಅಂದೆ, ಪವರ್ ಕೊಟ್ಟೆ. ಅವರು ಮಾತಾಡಲಿಲ್ಲ. ತೊಡೆ ಮೇಲಿದ್ದ ಹಾಳೆಯಲ್ಲಿ ಒಂದು ಟಿಕ್ ಹಾಕಿದರು.

ಹುಡುಗನಿಗೆ ರಾತ್ರಿ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ನನ್ನನ್ನು ಯಾವಾಗ ಕರ್ಕೊಂಡು ಹೋಗ್ತೀಯಾ ಮಾಮ ಅಂದ. ಅಕ್ಕ ಇನ್ನೂ ಒಪ್ಪಿಲ್ಲ. ನಾನೂ ಅವಳನ್ನು ಕೇಳಿಲ್ಲ. ಮುಂದಿನ ವಾರ ಮತ್ತೆ ಹನ್ನೊಂದು ಸುತ್ತು ಇದೆ.